ನಾಲ್ಕು ಭಾಷೆ, ಮೂರು ನೋಟ್‌ಬುಕ್

ಸುಭಾಷನ ವಯಸ್ಸಿನ ಮಿತಿ ಮುಗಿದದ್ದು ಒಂದು ಮಂಗಳವಾರ. ಸರ್ಕಾರ ಮನಸ್ಸು ಮಾಡಿ ಕೊಟ್ಟಿದ್ದ ವಿನಾಯಿತಿಯೂ ಅಂದೇ ಮುಗಿಯಿತು. ಇನ್ನು ಅವನು ಪಿಡಿಒ ಪರೀಕ್ಷೆಗೂ ಕೂರುವಂತಿಲ್ಲ, ಎಫ್‌ಡಿಎ ಪರೀಕ್ಷೆಗೂ ಕೂರುವಂತಿಲ್ಲ. ಅಂಥ ದಿನ ಮನುಷ್ಯ ಅಳಬೇಕು, ಇಲ್ಲವೇ ಯಾರನ್ನಾದರೂ ಹಿಡಿದು ಬೈಯಬೇಕು. ಸುಭಾಷ ಏಳೂವರೆಗೆ ಚಹಾ ಕುಡಿದ, ಎಂಟಕ್ಕೆ ರೀಡಿಂಗ್ ರೂಮಿಗೆ ಹೋದ, ಕಿಟಕಿ ಪಕ್ಕದ ತನ್ನ ಕುರ್ಚಿಯಲ್ಲಿ ಕುಳಿತು ಅರ್ಥಶಾಸ್ತ್ರದ ಪುಸ್ತಕ ತೆಗೆದ. ಇದನ್ನು ಇನ್ನು ಓದಬೇಕಾಗಿಲ್ಲ ಎಂಬುದು ನೆನಪಾದದ್ದು ಮಧ್ಯಾಹ್ನ. ಆಗಲೂ ಪುಸ್ತಕ ಮುಚ್ಚಲಿಲ್ಲ. ಅಧ್ಯಾಯ ಮುಗಿಸಿಯೇ ಎದ್ದ.

ವಿಜಯಪುರದಲ್ಲಿ ಅವನು ಕೋಣೆ ಹಿಡಿದು ಹನ್ನೊಂದು ವರ್ಷವಾಗಿತ್ತು. ಊರು ಬಬಲೇಶ್ವರ. ಬಸ್ಸಿನಲ್ಲಿ ಮುಕ್ಕಾಲು ತಾಸು, ಗಾಡಿ ಕೆಟ್ಟರೆ ಒಂದು ತಾಸು. ದಿನಾ ಹೋಗಿ ಬರಬಹುದಾಗಿತ್ತು. ಆದರೆ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು ಮನೆಯಲ್ಲಿರಬಾರದು ಎಂದು ಯಾವನೋ ಕೋಚಿಂಗ್ ಸರ್ ಹೇಳಿದ್ದ, ಇವನು ನಂಬಿದ್ದ. ಮದುವೆಯಾದ ಮೇಲೂ ಕೋಣೆ ಬಿಡಲಿಲ್ಲ. ಹೆಂಡತಿ ಗೀತಾಂಜಲಿ ಬಬಲೇಶ್ವರದ ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಹದಿನೈದು ದಿನಕ್ಕೊಮ್ಮೆ ಇವನು ಹೋದಾಗ ಊಟಕ್ಕೆ ಬಡಿಸಿ, ಇವನ ಅಂಗಿಗೆ ಗುಂಡಿ ಹಚ್ಚಿ ಕಳಿಸುತ್ತಿದ್ದಳು. ಉಳಿದ ದಿನ ಫೋನಿನಲ್ಲಿ "ಏನ್ ಮಾಡಾಕತ್ತೀರಿ?" ಎಂದು ಕೇಳುತ್ತಿದ್ದಳು, ಇವನು "ಓದಾಕತ್ತೇನಿ" ಎನ್ನುತ್ತಿದ್ದ. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ದಡ್ಡ ಎನ್ನುವಂತಿಲ್ಲ. ಅವನ ನೋಟ್ಸ್ ಓದಿ ಆರು ಜನ ಪಿಡಿಒ ಆಗಿದ್ದರು, ಒಬ್ಬಳು ತಹಶೀಲ್ದಾರ್ ಕಚೇರಿಯಲ್ಲಿ ಕೂತಿದ್ದಳು. ರೀಡಿಂಗ್ ರೂಮಿನ ಕೆಳಗೆ ಝೆರಾಕ್ಸ್ ಅಂಗಡಿ ಇಟ್ಟಿರುವ ಫಕ್ರುದ್ದೀನ 'ಸುಭಾಷ ಸರ್ ನೋಟ್ಸ್' ಎಂದು ಬೇರೆ ಕಟ್ಟೇ ಇಟ್ಟಿದ್ದ. ಹೊಸದಾಗಿ ಬಂದ ಹುಡುಗರು ಮೊದಲು ಅದನ್ನು ಒಯ್ಯುತ್ತಿದ್ದರು. ಬರೆದವನು ಮಾತ್ರ ಎರಡು ಅಂಕಕ್ಕೋ ಮೂರು ಅಂಕಕ್ಕೋ ಪ್ರತಿ ಸಲ ಕೆಳಗೆ ಬೀಳುತ್ತಿದ್ದ. ಮೊದಮೊದಲು ಸಂಕಟವಾಗುತ್ತಿತ್ತು. ಆಮೇಲೆ ಆಗುತ್ತಿರಲಿಲ್ಲ.

ಮಿತಿ ಮುಗಿದ ವಾರವೇ ಗೀತಾಂಜಲಿ ಸುಮ್ಮನಿರದೆ ಒಂದು ಕಡೆ ಮಾತಾಡಿ ಬಂದಳು. ಅವಳಿಗೆ ಸಾಲೆಯಲ್ಲಿ ಕಲಿಸಿದ್ದ ರಾಧಾಬಾಯಿ ಅಕ್ಕೋರ ಮಗಳು ಶರ್ವರಿ, ಪುಣೆಯಲ್ಲಿ ಎಂಟು ವರ್ಷ ಕೆಲಸ ಮಾಡಿ ಬಂದು, ವಿಜಯಪುರದಲ್ಲಿ ಔಷಧ ಅಂಗಡಿಯ ಮೇಲೊಂದು ಸಣ್ಣ ಆಫೀಸು ತೆರೆದಿದ್ದಳು. ಟಿಕೋಟಾದ ಒಣದ್ರಾಕ್ಷಿಯವರಿಗೆ ಫೋನಿನ ಆ್ಯಪ್ ಮಾಡಿಕೊಡುವುದು ಅವಳ ಕೆಲಸ. ಕಲಿಯುವವರು ಇಬ್ಬರು ಬೇಕಾಗಿದ್ದರು.

"ನನಗ ಸಿಟ್ಟಿಲ್ರೀ," ಎಂದಳು ಗೀತಾಂಜಲಿ ಫೋನಿನಲ್ಲಿ. "ಆದ್ರ ಇದೊಂದ ಸಲ ಓದೂದ ಬಿಟ್ಟು ಮಾಡಿ ತೋರಸ್ರಿ. ಈ ಜಾಗಾ ತಪ್ಪಿತಂದ್ರ ನಾ ನಿಮ್ಮ ಸಲುವಾಗಿ ಮತ್ತ ಯಾರ ಮುಂದೂ ಬಾಯಿ ತೆರಿಯಂಗಿಲ್ಲ."

"ಆತು," ಎಂದ ಸುಭಾಷ.

ಶರ್ವರಿ ಸುತ್ತಿ ಬಳಸಿ ಮಾತಾಡುವವಳಲ್ಲ. "ಮೂರು ತಿಂಗಳು ನಾ ಕಲಿಸ್ತೀನ್ರಿ, ಆಮ್ಯಾಲೆ ಇಲ್ಲೇ ಕೆಲಸ. ಆದ್ರ ಅದಕ್ಕೂ ಮೊದಲ ಒಂದು ತಿಂಗಳೊಳಗ ನೀವ ಏನರ ಮಾಡಿ ತೋರಿಸ್ಬೇಕು. ಫೋನಿನ್ಯಾಗ ಒಂದು ಗುಂಡಿ. ಒತ್ತಿದ್ರ ಒಂದು ಸಾಲು ಬರಬೇಕು. ಅಷ್ಟ ಸಾಕು."

"ಮೊದಲ ಯಾವ ಕಂಪ್ಯೂಟರ್ ಭಾಷಾ ಕಲೀಬೇಕ್ರಿ ಮೇಡಮ್?" ಎಂದು ಸುಭಾಷ ಪೆನ್ನು ತೆಗೆದ.

"ಆಂಡ್ರಾಯ್ಡ್ ಫೋನಿಗಷ್ಟ ಮಾಡೋದಿದ್ರ ಕಾಟ್ಲಿನ್ ಚಲೋ. ಒಮ್ಮೆ ಬರದು ಆಂಡ್ರಾಯ್ಡ್, ಆಪಲ್ ಎರಡೂ ಥರದ ಫೋನಿಗೆ ಹಚ್ಚೋದಿದ್ರ ಡಾರ್ಟ್. ವೆಬ್‌ಸೈಟ್ ಮಾಡಿದ ರೂಢಿ ಇದ್ರ ಜಾವಾಸ್ಕ್ರಿಪ್ಟ್. ಸ್ವಿಫ್ಟಿಗೆ ಆಪಲ್ ಕಂಪ್ಯೂಟರ್ ಬೇಕು, ಅದು ನಿಮ್ಮ ಕಡೆ ಇಲ್ಲ, ಬಿಡ್ರಿ. ಖರೆ ಹೇಳ್ಬೇಕಂದ್ರ ಮೊದಲನೇದು ಯಾವುದಾದ್ರೂ ನಡೀತದ. ಒಂದು ಬಂತಂದ್ರ ಎರಡನೇದು ಅರ್ಧ ಬಂದಂಗ. ಕೈಗೆ ಸಿಕ್ಕಿದ್ದು ಹಿಡದು ಇವತ್ತ ಸುರು ಮಾಡ್ರಿ."

ಸುಭಾಷ ಬರೆದುಕೊಂಡದ್ದು ಹೀಗೆ: ಅ, ಕಾಟ್ಲಿನ್. ಆ, ಡಾರ್ಟ್. ಇ, ಜಾವಾಸ್ಕ್ರಿಪ್ಟ್. ಈ, ಸ್ವಿಫ್ಟ್. 'ಯಾವುದಾದರೂ ನಡೆಯುತ್ತದೆ' ಎಂಬುದನ್ನು ಬರೆಯಲಿಲ್ಲ. ಹನ್ನೊಂದು ವರ್ಷದಲ್ಲಿ ಅಂಥ ಉತ್ತರವನ್ನು ಅವನು ಯಾವ ಪ್ರಶ್ನೆಪತ್ರಿಕೆಯಲ್ಲೂ ಕಂಡಿರಲಿಲ್ಲ. ನಾಲ್ಕರಲ್ಲಿ ಒಂದು ಸರಿ, ಮೂರು ತಪ್ಪು, ತಪ್ಪಿಗೆ ಕಾಲು ಅಂಕ ಕಟ್. ಎರಡು ಉತ್ತರ ಸರಿಯಾಗಿಬಿಟ್ಟರೆ ಆ ಪ್ರಶ್ನೆಯನ್ನೇ ರದ್ದು ಮಾಡುತ್ತಾರೆ. ಶರ್ವರಿಗೆ ಸರಿ ಉತ್ತರ ಗೊತ್ತಿದೆ, ಪರೀಕ್ಷಿಸುವುದಕ್ಕಾಗಿ ಮುಚ್ಚಿಟ್ಟಿದ್ದಾಳೆ ಎಂದು ಅವನು ಮೆಟ್ಟಿಲು ಇಳಿಯುವಷ್ಟರಲ್ಲಿ ತೀರ್ಮಾನಿಸಿದ್ದ. ಕೋಚಿಂಗ್ ಸರ್‌ಗಳೂ ಹಾಗೆಯೇ, ಕೀ ಉತ್ತರವನ್ನು ಕೊನೆಯವರೆಗೂ ಬಾಯಿ ಬಿಡುವುದಿಲ್ಲ.

ಗೀತಾಂಜಲಿಯ ತಮ್ಮ ರಾಹುಲ ತನ್ನ ಹಳೆಯ ಲ್ಯಾಪ್‌ಟಾಪನ್ನು ಟಿಕೋಟಾದಿಂದ ತಂದುಕೊಟ್ಟ. ಸುಭಾಷ ಅದನ್ನು ಚೀಲ ಸಮೇತ ಮಂಚದ ಕೆಳಗೆ ಸರಿಸಿ, ನಾಲ್ಕು ಬಣ್ಣದ ಪೆನ್ನು ಮತ್ತು ಇನ್ನೂರು ಪುಟದ ನೋಟ್‌ಬುಕ್ ಕೊಂಡು ರೀಡಿಂಗ್ ರೂಮಿಗೆ ಹೋದ.

ಆ ತಿಂಗಳು ಅವನು ಎಷ್ಟು ದುಡಿದನೆಂದರೆ, ಅದರ ಅರ್ಧ ದುಡಿದಿದ್ದರೂ ಎರಡು ಆ್ಯಪ್ ಆಗುತ್ತಿದ್ದವು. ಫೋನಿನಲ್ಲಿ ವಿಡಿಯೊ ನೋಡಿದ. ಒಬ್ಬ ಕಾಟ್ಲಿನ್ ಬಿಟ್ಟರೆ ಗತಿಯಿಲ್ಲ ಎನ್ನುತ್ತಿದ್ದ, ಇನ್ನೊಬ್ಬ ಪಟ್ಟಿಯಲ್ಲೇ ಇಲ್ಲದ ಜಾವಾವನ್ನು ಮೊದಲು ಕಲಿಯದವನು ಕೆಟ್ಟ ಎನ್ನುತ್ತಿದ್ದ, ಮತ್ತೊಬ್ಬ ಡಾರ್ಟ್ ಎಂದು ಕುಣಿಯುತ್ತಿದ್ದ. ಸುಭಾಷ ಎಲ್ಲವನ್ನೂ ಬರೆದುಕೊಂಡ. ಜಾವಾ ಹೊರಬಂದದ್ದು ಯಾವ ವರ್ಷ, ಕಾಟ್ಲಿನ್ನಿಗೆ ಆ ಹೆಸರು ಯಾವ ದ್ವೀಪದಿಂದ ಬಂತು, ಸ್ವಿಫ್ಟ್ ಎಂದು ಬಿಡುಗಡೆಯಾಯಿತು, ಎಲ್ಲ ನೀಲಿಯಲ್ಲಿ. ಗುಣಗಳು ಹಸಿರಿನಲ್ಲಿ, ದೋಷಗಳು ಕೆಂಪಿನಲ್ಲಿ, ಅಭಿಪ್ರಾಯ ಭೇದ ಕಪ್ಪಿನಲ್ಲಿ. ಮೊದಲ ನೋಟ್‌ಬುಕ್ ಹನ್ನೆರಡನೇ ದಿನ ತುಂಬಿತು. ಎರಡನೆಯದು ಇಪ್ಪತ್ತೊಂದನೇ ದಿನ ತುಂಬಿ, ಮೂರನೆಯದು ಸುರುವಾಯಿತು. ಅಷ್ಟರಲ್ಲಿ ನಾಲ್ಕೂ ಭಾಷೆಗಳ ಜಾತಕ ಅವನ ಬಾಯಲ್ಲಿತ್ತು, ಒಂದರಲ್ಲೂ ಒಂದು ಸಾಲು ಬರೆದಿರಲಿಲ್ಲ.

ಭಯವೇ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದ, ಸುಳ್ಳೂ ಆಗುತ್ತಿರಲಿಲ್ಲ. ಅವನಿಗೆ ಏನೂ ಅನಿಸುತ್ತಿರಲಿಲ್ಲ. ಬೆಳಿಗ್ಗೆ ಕುಳಿತರೆ ಸಂಜೆಯಾಗುತ್ತಿತ್ತು, ಊಟ ಮಾಡಿದ್ದರೆ ಮಾಡಿದ್ದ, ಇಲ್ಲದಿದ್ದರೆ ಇಲ್ಲ.

ತೋರಿಸುವ ದಿನ ಶರ್ವರಿ ಟಿಕೋಟಾಕ್ಕೇ ಬರಹೇಳಿದಳು. ಆ್ಯಪ್ ಬಳಸುವ ಜಾಗದಲ್ಲೇ ತೋರಿಸಬೇಕು ಎಂಬುದು ಅವಳ ನಿಯಮ. ಊರ ಹೊರಗೆ ರಾಹುಲ ಕೆಲಸ ಮಾಡುವ ದ್ರಾಕ್ಷಿ ಒಣಗಿಸುವ ಶೆಡ್ಡು. ಒಂದರ ಮೇಲೊಂದು ಬಲೆ ಕಟ್ಟಿ ದ್ರಾಕ್ಷಿ ಹರವಿದ್ದರು, ಸಿಹಿ ವಾಸನೆ ಗಂಟಲಿಗೆ ಅಡರುತ್ತಿತ್ತು. ಅರಕೇರಿಯ ನಸ್ರೀನ ಎಂಬ ಹುಡುಗಿ ಮೊದಲೇ ಬಂದು ಫೋನು ಹಿಡಿದುಕೊಂಡು ನಿಂತಿದ್ದಳು. ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟವಳು.

ಅವಳು ಮಾಡಿದ್ದು ನೋಡಲು ಚೆಂದವೇನೂ ಇರಲಿಲ್ಲ. ಬಿಳಿ ಪರದೆ, ನಡುವೆ ದೊಡ್ಡ ಹಸಿರು ಗುಂಡಿ. ಶೆಡ್ಡಿನಲ್ಲಿ ದ್ರಾಕ್ಷಿಕಾಯಿ ಆರಿಸುತ್ತಿದ್ದ ಆಶಾಬಿ ಎಂಬ ಹೆಂಗಸನ್ನು ಶರ್ವರಿ ಕರೆದು, "ಒತ್ತ್ರಿ," ಎಂದಳು. ಆಶಾಬಿ ಅಂಟು ಹೆಬ್ಬೆರಳಲ್ಲಿ ಒತ್ತಿದಳು. 'ಇವತ್ತಿಗೆ ಒಂದು ದಿನ' ಎಂದು ಬಂತು. ಮತ್ತೆ ಒತ್ತಿದಳು. 'ಇವತ್ತಿಗೆ ಎರಡು ದಿನ' ಎಂದು ಬಂತು.

"ಅಯ್ಯ, ಕಾಯಿ ಹಾಕಿ ಎಷ್ಟ ದಿನಾ ಆತು ಅಂತ ಇದ ಹೇಳತೈತೇನ?" ಎಂದು ಆಶಾಬಿ ಮತ್ತೆ ಮತ್ತೆ ಒತ್ತಿ ಹದಿನಾಲ್ಕು ದಿನ ಮಾಡಿಬಿಟ್ಟಳು. ಎಲ್ಲರೂ ನಕ್ಕರು. ಸುಭಾಷನೂ ತುಟಿ ಅಗಲಿಸಿದ.

"ಯಾವ ಭಾಷಾ?" ಎಂದು ಕೇಳಿದಳು ಶರ್ವರಿ.

"ಡಾರ್ಟ್ ರೀ ಅಕ್ಕಾರ."

"ಅದನ್ನ ಯಾಕ ಆರಿಸಿದಿ?"

"ನಮ್ಮ ಮಾಮಾನ ಮಗಗ ಅದ ಬರತಿತ್ರಿ. ತಪ್ಪ ಬಂದ್ರ ಕೇಳಾಕ ಬಾಜೂಕ ಒಬ್ರು ಬೇಕಲ್ರಿ."

ಇದೂ ಒಂದು ಕಾರಣವೇ ಎಂದುಕೊಂಡ ಸುಭಾಷ. ಅವನ ಮೂರು ನೋಟ್‌ಬುಕ್ಕಿನಲ್ಲಿ ಎಲ್ಲಿಯೂ ಅದು ಇರಲಿಲ್ಲ. ತನ್ನ ಸರದಿ ಬಂದಾಗ ಚೀಲದಿಂದ ಮೂರನ್ನೂ ತೆಗೆದು ಶರ್ವರಿಯ ಕೈಗೆ ಕೊಟ್ಟ. ಅವಳು ಹಾಗೇ ತಿರುವಿ ಹಾಕಲಿಲ್ಲ, ಕಟ್ಟೆಯ ಮೇಲೆ ಕುಳಿತು ಅರ್ಧ ತಾಸು ಓದಿದಳು. ಆಶಾಬಿ ನಡುವೆ ಒಂದು ಹಿಡಿ ಒಣದ್ರಾಕ್ಷಿ ತಂದು ಇಬ್ಬರಿಗೂ ಕೊಟ್ಟು ಹೋದಳು.

"ಭಾಳ ಚಲೋ ಬರದೀರಿ. ಒಂದೂ ತಪ್ಪಿಲ್ಲ," ಎಂದಳು ಕೊನೆಗೆ. "ಆರಿಸಿದ್ದು ಯಾವುದು?"

"ಇನ್ನೊಂದ ಹದಿನೈದ ದಿವಸ ಕೊಟ್ರ ಖಾತ್ರಿ ಆಗತೈತ್ರಿ."

ಶರ್ವರಿ ನೋಟ್‌ಬುಕ್ ಮುಚ್ಚಿದಳು. "ಯಾವುದನ್ನ ಹಿಡದಿದ್ರೂ ಇಷ್ಟೊತ್ತಿಗೆ ನಿಮ್ಮ ಗುಂಡಿನೂ ಆಗಿರ್ತಿತ್ರಿ ಸುಭಾಷ. ನನಗ ನೋಟ್ಸ್ ಬರಿಯೋರು ಬ್ಯಾಡ. ತಪ್ಪು ಮಾಡಿ ತಿದ್ದೋರು ಬೇಕು. ನೀವು ತಪ್ಪ ಮಾಡ್ಲಿಕ್ಕೆ ತಯಾರ ಇಲ್ಲ." ಸಿಟ್ಟಿನಿಂದ ಹೇಳಲಿಲ್ಲ, ಬೇಸರದಿಂದ ಹೇಳಿದಳು. ಸುಭಾಷ ಕೈಮುಗಿದು ಬಸ್ಸು ಹತ್ತಿದ. ಗೀತಾಂಜಲಿಗೆ ಫೋನು ಮಾಡಿ "ಆಗಲಿಲ್ಲ" ಎಂದ. ಅವಳು "ಹೂಂ" ಎಂದಳು. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತು, ದುಃಖ ಬರಬಹುದೆಂದು ಸ್ವಲ್ಪ ಹೊತ್ತು ಕಾಯ್ದ. ನಿದ್ದೆ ಬಂತು.

ಫಲಿತಾಂಶ ಬಂದ ಮರುದಿನ ನೋಟ್ಸನ್ನು ಫಕ್ರುದ್ದೀನನಿಗೆ ಕೊಟ್ಟುಬಿಡುವುದು ಅವನ ರೂಢಿ. ಈ ಸಲವೂ ಕೊಟ್ಟ. ಫಕ್ರುದ್ದೀನ ರಟ್ಟಿನ ಮೇಲೆ 'ಆ್ಯಪ್ ಕಲಿಯುವವರಿಗೆ, ಸುಭಾಷ ಸರ್ ನೋಟ್ಸ್' ಎಂದು ದಪ್ಪಕ್ಷರದಲ್ಲಿ ಬರೆದು ಎದುರಿಗೇ ಕಟ್ಟಿದ.

ಒಂದು ತಿಂಗಳು ಕಳೆಯಿತು. ಸುಭಾಷ ಅದೇ ಕುರ್ಚಿಯಲ್ಲಿ ಕುಳಿತು ದಿನಪತ್ರಿಕೆ ಓದುತ್ತಿದ್ದ, ಬೇರೆ ಎಲ್ಲಿ ಹೋಗಬೇಕೆಂದು ತಿಳಿಯದೆ. ಒಂದು ಸಂಜೆ ತಲೆಯೆತ್ತಿ ನೋಡಿದರೆ ಎದುರಿನ ಮೇಜಿನಲ್ಲಿ ನಾಲ್ಕು ಜನ ತನ್ನದೇ ಅಕ್ಷರವನ್ನು ಓದುತ್ತಿದ್ದರು. ಝೆರಾಕ್ಸಿನಲ್ಲಿ ನಾಲ್ಕು ಬಣ್ಣವೂ ಕಪ್ಪಾಗಿದ್ದವು. ಅವರು ಅದರ ಮೇಲೆ ಮತ್ತೆ ಹಸಿರು, ಕೆಂಪು ಗೆರೆ ಎಳೆಯುತ್ತಿದ್ದರು. ಅವರಲ್ಲಿ ಅಂಬಾದಾಸ ಎಂಬವನು ಎದ್ದು ಬಂದ. ಓದು ಮುಗಿಸಿ ಎರಡು ವರ್ಷವಾಗಿದ್ದವನು.

"ಸರ್, ಮೂರೂ ಮುಗಿಸೇನ್ರಿ. ಕೊನೀ ಪೇಜಿನ್ಯಾಗ ಉತ್ತರ ಇಲ್ಲಲ್ರಿ. ಯಾವುದು ಅಂತ ನೀವ ಹೇಳಿಬಿಡ್ರಿ."

"ಎಷ್ಟ ದಿವಸಾತು ಓದಾಕತ್ತು?"

"ಇಪ್ಪತ್ತೈದ ದಿವಸ್ರಿ."

"ಏನರ ಬರದೀಯೇನು? ಕಂಪ್ಯೂಟರಿನ್ಯಾಗ?"

"ಆರಿಸಿದ ಮ್ಯಾಲ ಬರಿಯೂದಲ್ರಿ ಸರ್."

ಸುಭಾಷ ಅವನ ಮುಖ ನೋಡಿದ. ಈ ಕಟ್ಟಡದಲ್ಲಿ ಅವನಿಗಿದ್ದ ಆಸ್ತಿಯೆಂದರೆ 'ಸರ್' ಎಂಬ ಆ ಒಂದು ಮಾತು. ಅದನ್ನು ಬಿಟ್ಟರೆ ಇಲ್ಲಿ ಯಾರೂ ಅವನನ್ನು ಗುರುತಿಸುವುದಿಲ್ಲ. ಆದರೂ ಹೇಳಿದ. "ತಮ್ಮಾ, ನಾ ಒಂದ ಸಾಲೂ ಬರದಿಲ್ಲ. ನಾಲ್ಕರಾಗ ಒಂದೂ ನನಗ ಬರಂಗಿಲ್ಲ. ಇವನ್ನ ಮಡಚಿಟ್ಟು ಯಾವುದರ ಹಿಡಿ, ಮನಿಗೆ ಹೋಗಿ ಇವತ್ತ ಸುರು ಮಾಡು."

ಅಂಬಾದಾಸ ಮರ್ಯಾದೆಯಿಂದ ನಕ್ಕು ತನ್ನ ಮೇಜಿಗೆ ಹೋದ. "ಹೇಳವಲ್ರು ಲೇ," ಎಂದು ಗೆಳೆಯರಿಗೆ ಪಿಸುಗುಟ್ಟಿದ್ದು ಕೇಳಿಸಿತು. "ನಾಕನೇ ನೋಟ್‌ಬುಕ್ ಇರಬೇಕು."

ಅವತ್ತು ಸುಭಾಷನ ಎದೆಯೊಳಗೆ ಏನೋ ಕಲಕಿತು. ಏನೆಂದು ಅವನಿಗೆ ತಕ್ಷಣ ತಿಳಿಯಲಿಲ್ಲ, ಇಂಥದೆಲ್ಲ ಆಗದೆ ಬಹಳ ದಿನವಾಗಿತ್ತು. ಕೆಳಗಿಳಿದು ಫಕ್ರುದ್ದೀನನಿಗೆ, "ಆ ನೋಟ್ಸ್ ಮಾರಬ್ಯಾಡೋ ಮಾರಾಯಾ," ಎಂದ.

"ಯಾಕ್ರಿ ಸರ್, ಪರೀಕ್ಷಾ ಇಲ್ಲದ ವ್ಯಾಳ್ಯಾದಾಗ ಅದ ಒಂದ ಹೊಂಟೈತಿ," ಎಂದ ಫಕ್ರುದ್ದೀನ. "ನಿಮ್ಮ ಮನಿಯವ್ರೂ ಒಂದ ಪ್ರತಿ ತರಿಸಿಕೊಂಡಾರಲ್ಲ. ಹೋದ ತಿಂಗಳನ ಬಬಲೇಶ್ವರ ಬಸ್ಸಿಗೆ ಇಟ್ಟ ಕಳಿಸೇನಿ. ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿರಲಿಲ್ಲ. ಅಲ್ಲಿಯೇ ನಿಂತು ಹೆಂಡತಿಗೆ ಫೋನು ಮಾಡಿ ಕೇಳಿದ. ಆ ಕಡೆ ಹೊಲಿಗೆ ಯಂತ್ರ ಓಡುತ್ತಿತ್ತು, ನಿಂತಿತು.

"ಓದೇನ್ರಿ," ಎಂದಳು ಗೀತಾಂಜಲಿ. "ಚಲೋ ಬರದೀರಿ. ಯಾವುದಾದ್ರೂ ನಡೀತೈತಿ ಅಂತ ಮೊದಲನೇ ನೋಟ್‌ಬುಕ್ಕಿನ್ಯಾಗ ನನಗ ತಿಳೀತು. ಉಳಿದ ಎರಡ ಯಾಕ ಬರದ್ರಿ ಅಂತ ತಿಳೀಲಿಲ್ಲ."

"ಗೀತಾ, ನಾ ಒಂದ ಸಾಲೂ ಬರದಿಲ್ಲ. ನನಗ ಅಂಜಿಕಿ ಬಂದಿತ್ತು." ಬಾಯಿಂದ ಬಂದ ಮೇಲೆ ಅವನಿಗೂ ಅದು ನಿಜವೆಂದು ಅನಿಸಿತು.

"ಗೊತ್ತೈತ್ರಿ."

"ಯಾವಾಗಿಂದ?"

"ಮದುವ್ಯಾಗಿ ಮೂರನೇ ವರ್ಷಕ್ಕ ಗೊತ್ತಾತು. ನೀವು ಪಾಸ್ ಆಗಾಕ ಓದವಲ್ರಿ, ಓದಿದ್ರ ಮತ್ತೇನೂ ಮಾಡೂದ ಬೇಕಿಲ್ಲ ಅಂತ ಓದಾಕತ್ತೀರಿ. ನೀವಾಗಿ ನೀವ ಹೇಳ್ತೀರಿ ಅಂತ ಕಾದ್ನಿ." ಅವಳೇ ಮುಂದುವರಿಸಿದಳು. "ಶರ್ವರಿ ಅಕ್ಕಾರ ಕಡೆ ಎರಡನೇ ಜಾಗಾ ಹಂಗ ಉಳಿದಿತ್ತು. ನಾನ ಹೋಗಿ ಕೇಳಿದ್ನಿ. ಮೂರ ಸಲ ಹೋಗಿ ನಸ್ರೀನಳ ಬಾಜೂಕ ಕುಂತು ಒಂದ ಗುಂಡಿ ಮಾಡೇನಿ. ಒತ್ತಿದ್ರ 'ಜಂಪರ ರೆಡಿ ಐತಿ' ಅಂತ ಬರತೈತಿ. ನಾಳಿಂದ ಬರ ಹೇಳ್ಯಾರ. ರಾಹುಲನ ಲ್ಯಾಪ್‌ಟಾಪ್ ಮುಂಜಾನಿ ಬಸ್‌ಸ್ಟ್ಯಾಂಡಿಗೆ ತಗೊಂಡ ಬರ್ರಿ."

ಮರುದಿನ ಬೆಳಿಗ್ಗೆ ವಿಜಯಪುರದ ಬಸ್ ನಿಲ್ದಾಣದಲ್ಲಿ ಗೀತಾಂಜಲಿ ಇಸ್ತ್ರಿ ಮಾಡಿದ ಸೀರೆಯುಟ್ಟು ಇಳಿದಳು. ಅವನು ಚೀಲ ಕೊಟ್ಟ. ಅವಳು ಹೆಗಲಿಗೆ ಹಾಕಿಕೊಂಡು, ಪರ್ಸಿನಿಂದ ಅಂಗಡಿಯ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಹನ್ನೊಂದಕ್ಕ ಬೋರವ್ವ ಆಯಿ ಜಂಪರ ಒಯ್ಯಾಕ ಬರತಾಳ. ಗೂಟಕ್ಕ ತೂಗ ಹಾಕೇನಿ, ಕೊಡ್ರಿ."

"ನಡಿ, ಆಫೀಸಿಗೆ ದಾರಿ ತೋರಸ್ತೇನಿ," ಎಂದ ಸುಭಾಷ.

"ದಾರಿ ನನಗ ಗೊತ್ತೈತ್ರಿ," ಎಂದಳು. ಮೆಲ್ಲಗೇ ಹೇಳಿದಳು. ಆಮೇಲೆ ಜನರ ನಡುವೆ ಹೋಗಿಬಿಟ್ಟಳು.

ನೋವಾಯಿತು. ಅವಳ ಮೇಲೆ ಹೊಟ್ಟೆಕಿಚ್ಚಾಯಿತು, ತನ್ನ ಮೇಲೆ ನಾಚಿಕೆಯಾಯಿತು, ಎರಡೂ ಒಟ್ಟಿಗೆ, ಎದೆಯಲ್ಲಿ ಒಂದೇ ಜಾಗದಲ್ಲಿ. ಸುಭಾಷ ಕೀಲಿ ಹಿಡಿದುಕೊಂಡು ಅವಳು ಬಂದ ಬಸ್ಸನ್ನೇ ಹತ್ತಿದ. ಬಬಲೇಶ್ವರದಲ್ಲಿ ಇಳಿದು ಅಂಗಡಿಯ ಬಾಗಿಲು ತೆಗೆದು, ಏನು ಮಾಡಬೇಕೆಂದು ತಿಳಿಯದೆ ಸ್ಟೂಲಿನ ಮೇಲೆ ಕುಳಿತ.

ಬೋರವ್ವ ಹೇಳಿದ ಹೊತ್ತಿಗಿಂತ ಮೊದಲೇ ಬಂದಳು. ಎಪ್ಪತ್ತು ದಾಟಿದ ಮುದುಕಿ, ಮೊಮ್ಮಗಳ ಸೀಮಂತಕ್ಕೆ ಸೀರೆಗೊಪ್ಪುವ ಹೊಸ ಜಂಪರು ಹೊಲಿಸಿದ್ದಳು. ಬಾಗಿಲಲ್ಲೇ ನಿಂತಳು.

"ಗೀತಾ ಎಲ್ಲಿ?"

"ವಿಜಾಪುರಕ್ಕ ಹೋಗ್ಯಾಳಾಯಿ. ಕಲಿಯಾಕ."

"ಮತ್ತ ನೀ ಓದೂದು ಬಿಟ್ಟ ಇಲ್ಲೇನ ಮಾಡಾಕತ್ತಿ?"

ಹನ್ನೊಂದು ವರ್ಷ ಈ ಊರಿಗೆ ಬಂದಾಗಲೆಲ್ಲ ಹೇಳುತ್ತಿದ್ದ ಮಾತು ನಾಲಿಗೆಯ ತುದಿಗೆ ಬಂತು. ಈ ಸಲ ಆಗತೈತಿ, ಎರಡ ಮಾರ್ಕ್ಸಿನ್ಯಾಗ ಹೋತು, ಮುಂದಿನ ನೋಟಿಫಿಕೇಶನ್ ಬರಾಕತ್ತೈತಿ. ಅದನ್ನು ನುಂಗಿದ.

"ನಾ ಪಾಸ್ ಆಗಲಿಲ್ಲ ಬೇ ಆಯಿ," ಎಂದ.

"ಅದು ಊರಿಗೆಲ್ಲ ಗೊತ್ತೈತಿ ಬಿಡೋ," ಎಂದು ಬೋರವ್ವ ಒಳಗೆ ಬಂದು ಗೂಟದಿಂದ ಜಂಪರು ತಾನೇ ಇಳಿಸಿಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. "ಇಲ್ಲೊಂದ ಹುಕ್ಕ ಹಚ್ಚೂದ ಉಳದೈತಿ ನೋಡು. ಹಚ್ಚಿ ಕೊಡು."

"ನನಗ ಬರಂಗಿಲ್ಲ."

"ನಾ ಎಲ್ಲಿ ಬರತೈತಿ ಅಂದ್ನಿ? ಹಚ್ಚು. ನನಗ ಕಣ್ಣ ಕಾಣಂಗಿಲ್ಲ."

ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಬೇಕಾಯಿತು. ಬೋರವ್ವ ಕದಲದೆ ನೋಡುತ್ತ ನಿಂತಿದ್ದಳು. ಅವನಿಗೆ ಕಣ್ಣು ತುಂಬಿ ಹುಕ್ಕು ಸರಿಯಾಗಿ ಕಾಣುತ್ತಿರಲಿಲ್ಲ. ಹೊಲಿದು ಮುಗಿಸಿ ಕೊಟ್ಟ. ಮುದುಕಿ ಬೆರಳಾಡಿಸಿ ನೋಡಿ, "ಡೊಂಕಾಗೈತಿ. ಬಿಚ್ಚು," ಎಂದು ತಿರುಗಿ ಅವನ ತೊಡೆಯ ಮೇಲೆ ಹಾಕಿ, ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತಳು. ಸುಭಾಷ ದಾರ ಕತ್ತರಿಸಿ, ಹುಕ್ಕು ಬಿಚ್ಚಿ, ಮತ್ತೊಮ್ಮೆ ಹಚ್ಚತೊಡಗಿದ.